ಆರು ಸೂಟು, ನಲವತ್ತೆರಡು ಕಾರ್ಡು

ನನ್ನ ದೊಡ್ಡಮ್ಮ ಟಿ.ವಿ. ಮುಂದೆ ಕೂತಾಗ ಟಿ.ವಿ. ನೋಡುತ್ತಿರಲಿಲ್ಲ, ದೊಡ್ಡಪ್ಪನ ಮುಖ ನೋಡುತ್ತಿದ್ದಳು. ಅವಳ ಬೆತ್ತದ ಕುರ್ಚಿ ಗೋಡೆಗೆ ಬೆನ್ನು ಕೊಟ್ಟು, ಪರದೆಗೆ ಅಡ್ಡಲಾಗಿ, ಸರಿಯಾಗಿ ದೊಡ್ಡಪ್ಪನಿಗೆ ಎದುರಾಗಿ ಇರುತ್ತಿತ್ತು. ಭಾನುವಾರ ಮಧ್ಯಾಹ್ನ ಸಿನಿಮಾ ಶುರುವಾದರೆ ದೊಡ್ಡಪ್ಪ ಪರದೆ ನೋಡುವುದು, ದೊಡ್ಡಮ್ಮ ದೊಡ್ಡಪ್ಪನನ್ನು ನೋಡುವುದು, ನೆಲದ ಮೇಲೆ ಕೂತ ನಾನು ಇಬ್ಬರನ್ನೂ ನೋಡುವುದು. ಅಮ್ಮನ ಕೆಲಸ ಊರೂರು ಅಲೆಯುವಂಥದ್ದಾದ್ದರಿಂದ ನಾನು ಹೈಸ್ಕೂಲು ಓದಿದ್ದು ಅವಳ ಅಕ್ಕನಾದ ಈ ದೊಡ್ಡಮ್ಮನ ಮನೆಯಲ್ಲಿ. ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೂ ಗಂಡನ ಮುಖವನ್ನು ಎರಡೂವರೆ ಗಂಟೆ ನೋಡುವ ಹೆಂಗಸು ಎಲ್ಲಿ ಸಿಗುತ್ತಾಳೆ ಎಂದು ಶಾಲೆಯಲ್ಲಿ ಗೆಳತಿಯರ ಮುಂದೆ ಜಂಬ ಕೊಚ್ಚಿದ್ದೆ. ನನ್ನ ಊಹೆ ಅರ್ಧ ಮಾತ್ರ ಸರಿ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ದೊಡ್ಡಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರಿಗೆ ಎರಡು ಖ್ಯಾತಿಗಳಿದ್ದವು. ಒಂದು, ಒಮ್ಮೆ ಕಂಡ ಮುಖವನ್ನು ಮರೆಯುವುದಿಲ್ಲ. ಟಿಕೆಟ್ ಇಲ್ಲದೆ ಇಳಿದು ಓಡಿದ್ದ ಒಬ್ಬನನ್ನು ನಾಲ್ಕು ವರ್ಷದ ನಂತರ, ಅವನು ಮೀಸೆ ಬಿಟ್ಟು ಎರಡು ಮಕ್ಕಳ ತಂದೆಯಾಗಿದ್ದಾಗ, ಮಕ್ಕಳ ಎದುರಿಗೇ ಹಿಡಿದಿದ್ದರು. ಇನ್ನೊಂದು, ಸುಳ್ಳು ಹೇಳುವುದಿಲ್ಲ. ನನಗೆ ಹನ್ನೆರಡು ತುಂಬಿದ ಮಾರನೇ ದಿನ ಅವರದೇ ಬಸ್ಸು ಹತ್ತಿದೆ. ನನ್ನನ್ನು ಎತ್ತಿ ಆಡಿಸಿದ ದೊಡ್ಡಪ್ಪ ಹತ್ತಿರ ಬಂದು, “ನಿನ್ನೆಗೆ ಮುಗೀತಮ್ಮ, ಇವತ್ತಿಂದ ನಿನಗೆ ಫುಲ್ ಟಿಕೆಟ್” ಎಂದು ಕೈ ಚಾಚಿದರು. ನನ್ನ ಹತ್ತಿರ ಅರ್ಧ ಟಿಕೆಟ್ಟಿನ ದುಡ್ಡಷ್ಟೇ ಇತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಶಾಲೆಗೆ ನಡೆದುಕೊಂಡು ಹೋದೆ. ಅವರ ಮೇಲಿನ ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ದೊಡ್ಡಮ್ಮ ಕೆಲಸ ಮಾಡುತ್ತಿದ್ದದ್ದು ಸಿನಿಮಾ, ಧಾರಾವಾಹಿ, ನಾಟಕಗಳಿಗೆ ಉಡುಪು ಮತ್ತು ಸಾಮಾನು ಬಾಡಿಗೆಗೆ ಕೊಡುವ ಒಂದು ಗೋದಾಮಿನಲ್ಲಿ. ಬಸ್ ಡಿಪೋದ ಹಿಂದಿನ ಬೀದಿ, ಕೆಳಗೆ ಪ್ರಿಂಟಿಂಗ್ ಪ್ರೆಸ್ಸು, ಮೇಲೆ ಗೋದಾಮು. ಮೆಟ್ಟಿಲು ಹತ್ತಿದರೆ ಮೊದಲು ರಾಜರ ಕೋಣೆ, ಆಮೇಲೆ ಪೊಲೀಸರ ಕೋಣೆ, ಕೊನೆಗೆ ಕಕ್ಕಸಿನ ಪಕ್ಕದಲ್ಲಿ ಆಕಾಶದ ಕೋಣೆ. ಬೇರೆ ಗ್ರಹ, ರಾಕೆಟ್ಟು, ಯಂತ್ರಮಾನವ, ಮುಂದಿನ ಶತಮಾನ ಎಲ್ಲವೂ ಅಲ್ಲೇ. ಅಲ್ಲಿದ್ದ ಕಿರಣದ ಪಿಸ್ತೂಲು ಹುಟ್ಟಿನಿಂದ ಕೂದಲು ಒಣಗಿಸುವ ಯಂತ್ರ. ರಾಕೆಟ್ಟಿನ ಯಂತ್ರಫಲಕಕ್ಕೆ ಮೊಟ್ಟೆಯ ಟ್ರೇಗಳೂ ಸತ್ತ ಕ್ಯಾಲ್ಕುಲೇಟರುಗಳೂ ಸೇರಿದ್ದವು. ಆ ಫಲಕ ಮೂರು ಸಿನಿಮಾಗಳಲ್ಲಿ ಚಂದ್ರನಿಗೆ ಹೋಗಿ ಬಂದು, ಒಂದು ಧಾರಾವಾಹಿಯಲ್ಲಿ ಆಸ್ಪತ್ರೆಯ ಯಂತ್ರವಾಗಿ ನಾಯಕಿಯ ತಂದೆಯನ್ನು ಬದುಕಿಸಿ, ಮತ್ತೊಂದರಲ್ಲಿ ತಿರುಗಿ ನಿಂತು ಬ್ಯಾಂಕಿನ ತಿಜೋರಿಯ ಬಾಗಿಲಾಗಿತ್ತು. ಕ್ಯಾಪ್ಟನ್ನಿನ ಕುರ್ಚಿ ಒಂದು ಕಾಲದಲ್ಲಿ ಕ್ಷೌರದಂಗಡಿಯದು.

ಈ ಕೋಣೆಯ ಜೀವಾಳ ಆರು ಸ್ಪೇಸ್ ಸೂಟುಗಳು. ಗೋದಾಮಿನ ಯಜಮಾನರು ಎಂದೋ ಒಂದು ದೊಡ್ಡ ಚಿತ್ರಕ್ಕೆಂದು ಗಟ್ಟಿ ರೆಕ್ಸಿನ್ನಿನಲ್ಲಿ ಮಾಡಿಸಿದ್ದು. ಚಿತ್ರ ನೆಲಕಚ್ಚಿತು, ಸೂಟು ಉಳಿದವು. ಹೊಸದು ಮಾಡಿಸುವ ಶಕ್ತಿ ಯಜಮಾನರಿಗಿರಲಿಲ್ಲ. ಬಾಡಿಗೆಗೆ ಬರುವ ನಿರ್ಮಾಪಕರೋ, ಇನ್ನೊಬ್ಬರು ತೊಟ್ಟದ್ದು ನಮಗೆ ಬೇಡ, ಹೊಸದೇ ಬೇಕು ಎನ್ನುವವರು. ಇವೆರಡರ ನಡುವಿನ ಸಂದಿಯಲ್ಲಿ ನನ್ನ ದೊಡ್ಡಮ್ಮ ಹೊಲಿಗೆ ಯಂತ್ರ ಇಟ್ಟುಕೊಂಡು ಮೂವತ್ತೊಂದು ವರ್ಷ ಕೂತಿದ್ದಳು.

ಅವಳ ಕೆಲಸ ಒಂದೇ: ಹಳೆಯದರ ಗುರುತು ಸಿಗಬಾರದು. ಬಿಳಿ ಸೂಟಿಗೆ ಹಸಿರು ಬಳಿದು, ಎದೆಗೆ ಮೂರು ಓರೆ ಪಟ್ಟಿ ಹೊಲಿದು, ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಬೆನ್ನಿನಿಂದ ಸೊಂಟಕ್ಕೆ ತಂದರೆ ಒಂದು ಅವತಾರ. ಅದೇ ಸೂಟಿನ ಪಟ್ಟಿ ಕಿತ್ತು, ಬೆಳ್ಳಿ ಬಣ್ಣ ಹೊಡೆದು, ಕತ್ತಿಗೆ ಕುಕ್ಕರಿನ ಗ್ಯಾಸ್ಕೆಟ್ ಕೂರಿಸಿ, ಭುಜವನ್ನು ಸ್ಪಂಜಿನಿಂದ ಎತ್ತರಿಸಿದರೆ ಇನ್ನೊಂದು. ಹಿಂದಿನ ವರ್ಷ ಭೂಮಿಯನ್ನು ಕಾಪಾಡಿದ ಸೂಟು ಈ ವರ್ಷ ಭೂಮಿಯ ಮೇಲೆ ದಾಳಿ ಮಾಡುತ್ತಿತ್ತು. ಕಿತ್ತ ತುಂಡುಗಳನ್ನು ಅವಳು ಎಸೆಯುತ್ತಿರಲಿಲ್ಲ. ಒಂದೊಂದು ಅವತಾರದ ಕೊಳವೆ, ಗುಂಡಿ, ಪಟ್ಟಿಗಳಿಗೂ ಒಂದೊಂದು ಬಿಸ್ಕತ್ತಿನ ಡಬ್ಬ.

ಯಜಮಾನರ ಪದ್ಧತಿಯೊಂದಿತ್ತು. ಪ್ರತಿ ಅವತಾರವೂ ಒಂದು ಹೊಸ ಸೂಟು. ಅದಕ್ಕೊಂದು ಹೊಸ ಕಾರ್ಡು, ಕಾರ್ಡಿಗೆ ಫೋಟೋ, ಹೊಸ ನಂಬರು. ಹಳೆಯ ಕಾರ್ಡು ಹರಿಯುವಂತಿಲ್ಲ, ಯಾಕೆಂದರೆ ಹಿಂದಿನ ಚಿತ್ರದವರು ಉಳಿದ ಒಂದು ದೃಶ್ಯಕ್ಕೆ ಮತ್ತೆ ಬಂದರೆ ಅದೇ ರೂಪಕ್ಕೆ ತಿರುಗಿಸಬೇಕಲ್ಲ. ಬಂದವರಿಗೆ ಯಜಮಾನರು ಹೊಸ ಕಾರ್ಡನ್ನೇ ಮುಂದೆ ಹಿಡಿದು, “ನಿಮ್ಮ ಪಿಕ್ಚರಿಗೇ ಮೊದಲು” ಎನ್ನುತ್ತಿದ್ದರು. ಸುಳ್ಳೇನಲ್ಲ. ಹೀಗೆ ಮರದ ಪೆಟ್ಟಿಗೆಯಲ್ಲಿ ಕಾರ್ಡುಗಳು ಬೆಳೆದವು, ಮೊಳೆಯ ಮೇಲಿನ ಸೂಟುಗಳು ಮಾತ್ರ ಆರೇ. ಈ ಲೆಕ್ಕ ಗೊತ್ತಿದ್ದದ್ದು ಇಬ್ಬರಿಗೆ, ಯಜಮಾನರಿಗೆ ಮತ್ತು ದೊಡ್ಡಮ್ಮನಿಗೆ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ತಮ್ಮ ಹೆಂಡತಿ ಗೋದಾಮಿನಲ್ಲಿ ರಾಜರ ಉಡುಪಿಗೆ ಗುಂಡಿ ಹೊಲಿಯುತ್ತಾಳೆ ಎಂದಷ್ಟೇ ಅವರು ನಂಬಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಯಜಮಾನರು ಒಂದು ಮಂಗಳವಾರ ಊಟ ಮಾಡಿ ಕೈ ತೊಳೆಯುವಾಗ ಕುಸಿದು ತೀರಿಕೊಂಡರು. ಗೋದಾಮು ಅಳಿಯನ ಕೈಗೆ ಬಂತು. ಅಳಿಯ ಕೆಟ್ಟವನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಅವನನ್ನು ಬೈಯುವಾಗ ನಿಮಗೆ ಅದು ನೆನಪಿರಲಿ. ಅವನು ಹದಿನೈದು ವರ್ಷ ಟೈರುಗಳ ಗೋದಾಮು ನೋಡಿಕೊಂಡಿದ್ದವನು. ಟೈರಿನ ಲೋಕದಲ್ಲಿ ಒಂದು ಟೈರಿಗೆ ಒಂದು ನಂಬರು. ಸವೆದ ಟೈರಿಗೆ ಹೊಸ ರಬ್ಬರು ಹಾಕಿದರೂ ನಂಬರು ಅದೇ. ಬಂದ ಮೊದಲ ವಾರ ಅವನು ಕಾರ್ಡಿನ ಪೆಟ್ಟಿಗೆ ಇಟ್ಟುಕೊಂಡು ಕೋಣೆ ಕೋಣೆ ಎಣಿಸಿದ. ರಾಜರ ಕಿರೀಟ ಸರಿಹೊಂದಿತು. ಪೊಲೀಸರ ಟೋಪಿ ಒಂದು ಹೆಚ್ಚೇ ಇತ್ತು. ಆಕಾಶದ ಕೋಣೆಯಲ್ಲಿ ಸ್ಪೇಸ್ ಸೂಟಿನ ಕಾರ್ಡು ನಲವತ್ತೆರಡು, ಸೂಟು ಆರು.

“ಅಮ್ಮಾ, ಉಳಿದ ಮೂವತ್ತಾರು ಎಲ್ಲಿ?” ಎಂದು ಅಳಿಯ ಕೇಳಿದ.

“ಇವೇ ಸರ್” ಎಂದಳು ದೊಡ್ಡಮ್ಮ.

“ಇವು ಆರು.”

“ಹೌದು. ನಲವತ್ತೆರಡೂ ಇವೇ.”

ಅಳಿಯ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ. ಬಿಳಿಯದು, ಹಸಿರಿನದು, ಬೆಳ್ಳಿಯದು, ಮೀನಿನ ಚಿಪ್ಪಿನಂಥದ್ದು, ಗೂನು ಬೆನ್ನಿನದು, ಹೆಂಗಸಿನದು, ನಾಲ್ಕು ಕೈಯದು. ಬಹಳ ಹೊತ್ತು ನೋಡಿದ. ನೋಡಿದಷ್ಟೂ ಅವನ ಮುಖ ಗಂಟಿಕ್ಕುತ್ತ ಹೋಯಿತು. ಆಕಾಶದ ಕೋಣೆಯ ಬೀಗದ ಕೈ ಮೂವತ್ತೊಂದು ವರ್ಷದಿಂದ ಇದ್ದದ್ದು ಅವಳ ಹತ್ತಿರ. ಶನಿವಾರದೊಳಗೆ ಲೆಕ್ಕ ಒಪ್ಪಿಸಿದರೆ ಸರಿ, ಇಲ್ಲದಿದ್ದರೆ ಕೆಲಸ ಬಿಡಬೇಕು, ಪೊಲೀಸಿಗೆ ದೂರು ಕೊಡುತ್ತೇನೆ ಎಂದ. ದನಿ ಏರಿಸಲಿಲ್ಲವಂತೆ. ಆಮೇಲೆ ಕೇಳಿದಾಗ ಅದೇ ನನಗೆ ಹೆಚ್ಚು ಉರಿಯಿತು.

ನಾನಾಗ ಅದೇ ಊರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಂಜೆ ಮನೆಗೆ ಬಂದ ದೊಡ್ಡಮ್ಮ ನನಗೆ ಫೋನ್ ಮಾಡಿ, “ನನ್ನನ್ನ ಕಳ್ಳಿ ಅಂದ್ರು ಕಣೆ” ಎಂದಳು. ಮಳೆ ಬರಬಹುದು ಎನ್ನುವ ದನಿಯಲ್ಲಿ ಹೇಳಿದಳು. ದೊಡ್ಡಪ್ಪನಿಗೆ ಮಾತ್ರ ಹೇಳಬೇಡ ಎಂದಳು. ಸಿನಿಮಾದವರು ಯಾರಾದರೂ ಸಾಕ್ಷಿ ಹೇಳಬಹುದಲ್ಲ ಎಂದೆ. ಯಾವ ನಿರ್ಮಾಪಕ ಬಂದು ತನ್ನ ನಾಯಕ ತೊಟ್ಟದ್ದು ಇನ್ನೊಬ್ಬರು ಬಿಟ್ಟ ಸೂಟು ಎನ್ನುತ್ತಾನೆ ಎಂದು ಅವಳೇ ಕೇಳಿದಳು.

ಬುಧವಾರ ನಾನು ರಜೆ ಹಾಕಿ ಅವಳ ಜೊತೆ ಹೋದೆ. ಅವಳೊಂದು ಪರೀಕ್ಷೆಗೆ ಒಪ್ಪಿಕೊಂಡಿದ್ದಳು. ಅಳಿಯ ಕಣ್ಣು ಮುಚ್ಚಿ ಒಂದು ಕಾರ್ಡು ಎಳೆಯುವುದು, ಅವಳು ಮೊಳೆಯ ಮೇಲಿನ ಯಾವುದಾದರೊಂದು ಸೂಟನ್ನು ಅದೇ ರೂಪಕ್ಕೆ ತರುವುದು. ಬಂದದ್ದು ಹದಿನೇಳನೆಯದು, ಹಸಿರು ಮೈ, ಎದೆಗೆ ಮೂರು ಓರೆ ಪಟ್ಟಿ. ದೊಡ್ಡಮ್ಮ ಹದಿನೇಳನೇ ಬಿಸ್ಕತ್ತಿನ ಡಬ್ಬ ಇಳಿಸಿದಳು. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಮೂರು ಗಂಟೆಗೆ ಎದ್ದಳು. ನಾನು ಅವಳ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಲ್ಲಿನಿಂದ ದಾರ ಕಡಿಯುವುದು, ಬಣ್ಣದ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮರೆಯುವುದು, ಮತ್ತೆ ಅದನ್ನೇ ಹುಡುಕುವುದು. ಅಳಿಯ ಕಾರ್ಡನ್ನು ಸೂಟಿನ ಪಕ್ಕಕ್ಕೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಗೆದ್ದೆವು ಎಂದುಕೊಂಡೆ.

“ತುಂಬಾ ಚೆನ್ನಾಗಿದೆ” ಎಂದ ಅಳಿಯ. ನಿಜವಾಗಿಯೂ ಮೆಚ್ಚಿದ್ದ. “ಆದ್ರೆ ಇದರಿಂದ ಏನು ಗೊತ್ತಾಯ್ತು ಹೇಳಿ. ನೀವು ಯಾವುದನ್ನ ಬೇಕಾದ್ರೂ ಯಾವುದರ ಥರ ಬೇಕಾದ್ರೂ ಮಾಡ್ತೀರಿ ಅಂತ ಗೊತ್ತಾಯ್ತು. ನಿಜವಾದ ಹದಿನೇಳು ಎಲ್ಲೋ ಹೋಗಿದೆ, ನೀವು ಇನ್ನೊಂದನ್ನ ಹಾಗೇ ಮಾಡಿ ತೋರಿಸಿದ್ದೀರಿ. ಕದ್ದದ್ದು ಮುಚ್ಚೋಕೆ ಇದಕ್ಕಿಂತ ಒಳ್ಳೇ ಕೈ ಬೇಕಾ?”

ಅವನ ತರ್ಕದಲ್ಲಿ ತಪ್ಪು ಹುಡುಕಲು ನಾನು ಒದ್ದಾಡಿದೆ. ಸಿಗಲಿಲ್ಲ. ಕೆಲಸ ಕೆಟ್ಟದಾಗಿ ಬಂದಿದ್ದರೆ ಸುಳ್ಳಿ ಎನ್ನುತ್ತಿದ್ದ, ಚೆನ್ನಾಗಿ ಬಂದದ್ದಕ್ಕೆ ಕಳ್ಳಿ ಎಂದ. ಅತ್ತ ದರಿ, ಇತ್ತ ಪುಲಿ.

ಆಗ ನನ್ನ ತಲೆಗೆ ಹೊಳೆದದ್ದು ದೊಡ್ಡಪ್ಪ. ಒಮ್ಮೆ ಕಂಡ ಮುಖ ಮರೆಯದ ಮನುಷ್ಯ, ಸುಳ್ಳು ಹೇಳದ ಮನುಷ್ಯ, ಈ ಸಿನಿಮಾಗಳನ್ನೆಲ್ಲ ಕೂತು ನೋಡಿದ ಮನುಷ್ಯ. ಇಂಥ ಸಾಕ್ಷಿ ಮನೆಯಲ್ಲೇ ಇರುವಾಗ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತಲ್ಲ ಎಂದುಕೊಂಡೆ. ದೊಡ್ಡಮ್ಮನನ್ನು ಕೇಳಲಿಲ್ಲ. ಅದೇ ನಾನು ಮಾಡಿದ ತಪ್ಪು. ಗೋದಾಮಿನಲ್ಲಿ ಸೂಟಿನ ವಿಷಯಕ್ಕೆ ಸಾಕ್ಷಿ ಬೇಕಂತೆ, ಬಂದು ಇದ್ದದ್ದು ಇದ್ದ ಹಾಗೆ ಹೇಳಿ ಸಾಕು ಎಂದು ದೊಡ್ಡಪ್ಪನಿಗೆ ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳುವುದೆಂದರೆ ಅವರಿಗೆ ಹಬ್ಬ. ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅವರನ್ನು ಬಾಗಿಲಲ್ಲಿ ಕಂಡ ದೊಡ್ಡಮ್ಮನ ಮುಖ ಸುಣ್ಣದ ಹಾಗಾಯಿತು. ಅವರನ್ನು ಕೂರಿಸಿದ್ದು ಕ್ಯಾಪ್ಟನ್ನಿನ ಕುರ್ಚಿಯಲ್ಲಿ.

ಅಳಿಯ ಒಂದೊಂದೇ ಕಾರ್ಡು ಮುಂದಿಟ್ಟ. ದೊಡ್ಡಪ್ಪ ಪ್ರತಿಯೊಂದನ್ನೂ ಗುರುತಿಸಿದರು. ಇದು ಮಳೆ ಬಂದು ಕರೆಂಟು ಹೋದ ಭಾನುವಾರ ನೋಡಿದ್ದು. ಇದರಲ್ಲಿ ನಾಯಕ ಕೊನೆಗೆ ಸಾಯುತ್ತಾನೆ. ಇದನ್ನು ತೊಟ್ಟವನು ಕುಳ್ಳ, ಎದ್ದು ನಿಂತರೂ ಕೂತ ಹಾಗೆ ಕಾಣುತ್ತಿದ್ದ. ಒಂದನ್ನೂ ಬಿಡಲಿಲ್ಲ. ನನ್ನ ಎದೆ ಉಬ್ಬಿತು.

“ಹಾಗಾದ್ರೆ ಹೇಳಿ, ಇವೆಲ್ಲ ಒಂದೇ ಸೂಟಾ, ಬೇರೆ ಬೇರೇನಾ?” ಎಂದು ಅಳಿಯ ಕೇಳಿದ.

ದೊಡ್ಡಪ್ಪ ಅವನನ್ನು ತಲೆಕೆಟ್ಟವನನ್ನು ನೋಡುವ ಹಾಗೆ ನೋಡಿದರು. “ಒಂದೇ ಹೇಗಾಗುತ್ತೆ ಸ್ವಾಮಿ? ಬೇರೆ ಬೇರೇನೇ. ನನ್ನ ಕಣ್ಣಾರೆ ನೋಡಿದ್ದೀನಿ. ಒಂದು ಸಲ ಬಂದ ಸೂಟು ಇನ್ನೊಂದು ಸಲ ಬಂದಿಲ್ಲ. ಬಂದಿದ್ರೆ ನಾನು ಬಿಡ್ತಿದ್ನಾ?”

“ಕಣ್ಣು ಸರಿಯಾಗಿ ಕಾಣುತ್ತಾ ನಿಮಗೆ?”

“ಕನ್ನಡಕ ನಾನೇ ಮಾಡಿಸಿಕೊಟ್ಟಿದ್ದು. ಮೈನಸ್ ನಾಲ್ಕು. ಹಾಕ್ಕೊಂಡ್ರೆ ಚೆನ್ನಾಗಿ ಕಾಣುತ್ತೆ” ಎಂದು ನಾನು ಬಾಯಿ ಹಾಕಿದೆ. ಯಾಕೆ ಹೇಳಿದೆನೋ ನನಗೇ ಗೊತ್ತಿಲ್ಲ. ಅಂಗಡಿಯ ಅಭ್ಯಾಸ.

ಅಳಿಯ ಎಲ್ಲವನ್ನೂ ಬರೆದುಕೊಂಡು ದೊಡ್ಡಪ್ಪನ ಸಹಿ ಹಾಕಿಸಿದ. ಸ್ವಂತ ಗಂಡನೇ ನಲವತ್ತೆರಡು ಸೂಟು ಇದ್ದವೆಂದು ಬರೆದುಕೊಟ್ಟ ಮೇಲೆ ಇನ್ನೇನು ಉಳಿಯಿತು? ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು ನನಗೆ. ದೊಡ್ಡಮ್ಮನ ಕಡೆ ನೋಡುವ ಧೈರ್ಯವಾಗದೆ ಬಿಸ್ಕತ್ತಿನ ಡಬ್ಬಗಳನ್ನು ನೋಡುತ್ತ ನಿಂತೆ.

ದೊಡ್ಡಮ್ಮ ಹತ್ತಿರ ಬಂದು ಮೇಜಿನ ಮೇಲಿಂದ ಒಂದು ಕಾರ್ಡು ಎತ್ತಿದಳು. ಮೀನಿನ ಚಿಪ್ಪಿನದು, ಮೂವತ್ತೊಂದನೆಯದು. “ಇದೂ ಬೇರೆ ಅನ್ನಿಸ್ತಾ ನಿಮಗೆ?” ಎಂದು ಗಂಡನನ್ನು ಕೇಳಿದಳು.

“ಅದಂತೂ ಬೇರೆ ದೇಶದಿಂದ ತರಿಸಿದ್ದೇ ಇರಬೇಕು” ಎಂದರು ದೊಡ್ಡಪ್ಪ.

ಅವಳು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ಓಡಿ ಹೋಗಿ ಹಿಡಿದುಕೊಂಡೆ. ನಗುತ್ತಿದ್ದಳು. ಕೆಲಸ ಹೋಗುವುದರಲ್ಲಿತ್ತು, ಹೆಸರು ಹೋಗಿ ಆಗಿತ್ತು, ಈ ಹೆಂಗಸು ನಗುತ್ತಿದ್ದಾಳೆ. ಭಾನುವಾರ ಮಧ್ಯಾಹ್ನ ಅವಳು ಆ ಮುಖವನ್ನು ಯಾಕೆ ನೋಡುತ್ತಿದ್ದಳು ಎಂದು ನನಗೆ ಅರ್ಥವಾದದ್ದು ಆಗ. ಊರಿನಲ್ಲೇ ಅತಿ ಚುರುಕು ಕಣ್ಣಿನ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಅವನ ಹುಬ್ಬು ಏರುತ್ತದೋ ಎಂದು ಮೂವತ್ತೊಂದು ವರ್ಷ ಕಾದಿದ್ದಳು. ಒಮ್ಮೆಯೂ ಏರಿರಲಿಲ್ಲ. ಫಲಿತಾಂಶ ಬಾಯಿಬಿಟ್ಟು ಬಂದದ್ದು ಅವತ್ತೇ, ಅದೂ ಸಹಿ ಸಮೇತ.

ನಗು ನಿಂತ ಮೇಲೆ ಅವಳು ಅಳಿಯನ ಕಡೆ ತಿರುಗಿ, “ನಾಳೆ ಆರನ್ನೂ ಬಿಚ್ತೀನಿ ಸರ್. ನೀವು ಇರಬೇಕು” ಎಂದಳು.

“ಮುಂದಿನ ವಾರಕ್ಕೆ ಎರಡು ಬುಕ್ ಆಗಿವೆಯಲ್ಲ.”

“ಮತ್ತೆ ಹೊಲೀತೀನಿ. ಹೊಲಿಯೋಕೆ ಬಿಟ್ರೆ.”

ದಾರಿಯಲ್ಲಿ ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಬೇಕಾಯಿತು. ನಾನೇ ಹೇಳಿದೆ. ಅವರು ನಂಬಲಿಲ್ಲ. ಹೆಂಡತಿ ಕದ್ದಿಲ್ಲ ಎನ್ನುವುದನ್ನು ನಂಬಿದರು, ಸೂಟು ಆರೇ ಎನ್ನುವುದನ್ನು ನಂಬಲಿಲ್ಲ. “ನಾನು ಹೇಳಿದ್ದು ತಪ್ಪಾಗಿದ್ರೆ ನಾನೇ ಬಂದು ನೋಡ್ತೀನಿ” ಎಂದಷ್ಟೇ ಹೇಳಿ, ಆಮೇಲೆ ಊಟಕ್ಕೂ ಬಾಯಿ ತೆರೆಯಲಿಲ್ಲ.

ಪಾತ್ರೆ ತೊಳೆಯುವಾಗ ದೊಡ್ಡಮ್ಮ ನನಗೆ ಹೇಳಿದಳು. ಬಟ್ಟೆಗೆ ಸೂಜಿ ಹಾಕಿ ತೆಗೆದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ರೆಕ್ಸಿನ್ ಹಾಗಲ್ಲ. ಒಮ್ಮೆ ಚುಚ್ಚಿದರೆ ಸಾಯುವ ತನಕ ತೂತೇ. ಒಂದು ಅವತಾರದ ತೂತನ್ನು ಮುಚ್ಚಲೆಂದೇ ಮುಂದಿನ ಅವತಾರದ ಪಟ್ಟಿ ಎಲ್ಲಿ ಬರಬೇಕೆಂದು ಅವಳು ಗೆರೆ ಹಾಕುತ್ತಿದ್ದದ್ದು. ನಿರ್ದೇಶಕರು ಅದನ್ನು ಬೇರೆ ಗ್ರಹದ ವಿನ್ಯಾಸ ಎಂದುಕೊಳ್ಳುತ್ತಿದ್ದರು.

“ಅದನ್ನ ಯಾರಿಗೂ ತೋರಿಸಬಾರದು ಅಂತಿದ್ದೆ ಕಣೆ. ಅಷ್ಟು ವರ್ಷ ಮುಚ್ಚಿಟ್ಟಿದ್ದು ಅದನ್ನೇ. ಈಗ ನೋಡು, ಮಾಡಿದ ಕೆಲಸ ಸಾಕ್ಷಿಗೆ ಬರಲಿಲ್ಲ, ತೂತು ಬರಬೇಕಂತೆ” ಎಂದಳು. ಕಣ್ಣಲ್ಲಿ ನೀರಿತ್ತು. ಇದು ನಗು ಅಲ್ಲ ಎಂದು ಖಚಿತಪಡಿಸಿಕೊಂಡೇ ನಾನೂ ಅತ್ತೆ.

ಶುಕ್ರವಾರ ಬೆಳಿಗ್ಗೆ ಗೋದಾಮಿನ ಉದ್ದ ಮೇಜಿನ ಮೇಲೆ ಮೊದಲ ಸೂಟು ಮಲಗಿತು, ಬುಧವಾರ ಹಸಿರು ಬಳಿದದ್ದಲ್ಲ, ಬೆಳ್ಳಿಯದು. ದೊಡ್ಡಮ್ಮ ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಕತ್ತಿನಿಂದ ಶುರುಮಾಡಿದಳು. ಗ್ಯಾಸ್ಕೆಟ್ ಬಂತು, ಕೊಳವೆ ಬಂತು, ಪಟ್ಟಿಗಳು ಬಂದವು, ಭುಜದ ಸ್ಪಂಜು ಬಂತು. ಎಲ್ಲ ಕಿತ್ತ ಮೇಲೆ ಉಳಿದದ್ದು ಹಲವು ಬಣ್ಣದ ಕಲೆಗಳ, ಮೈಯೆಲ್ಲ ತೂತಾದ ಒಂದು ಅಂಗಿ. ಅದನ್ನು ಕಿಟಕಿಗೆ ಅಡ್ಡ ಹಿಡಿದಳು. ತೂತುಗಳಲ್ಲಿ ಬೆಳಕು ತೂರಿ ಬಂತು. ನಕ್ಷತ್ರಗಳ ಹಾಗೆ ಕಂಡವು ಎಂದು ಬರೆದರೆ ಚೆಂದ, ಆದರೆ ಕಂಡದ್ದು ತೂತುಗಳ ಹಾಗೆಯೇ. ಆದರೆ ಸಾಲಾಗಿದ್ದವು. ಎದೆಯ ಮೇಲೆ ಮೂರು ಓರೆ ಸಾಲು, ಹದಿನೇಳನೇ ಕಾರ್ಡಿನಲ್ಲಿ ಪಟ್ಟಿ ಇದ್ದ ಜಾಗಕ್ಕೆ ಸರಿಯಾಗಿ. ಅದನ್ನು ದಾಟಿ ಹೋದ ಅಡ್ಡ ಸಾಲು ಇಪ್ಪತ್ತೆರಡರದ್ದು.

ಅಳಿಯ ಬಗ್ಗಿ ನೋಡಿದ. “ಇದನ್ನೂ ನಿನ್ನೆ ರಾತ್ರಿ ಚುಚ್ಚಿರಬಹುದಲ್ಲ” ಎಂದ. ನಾನು ಅವನ ಮೇಲೆ ಹಾರಿಬೀಳುವುದರಲ್ಲಿದ್ದೆ, ಅಷ್ಟರಲ್ಲಿ ಕ್ಯಾಪ್ಟನ್ನಿನ ಕುರ್ಚಿಯಿಂದ ದೊಡ್ಡಪ್ಪ ಎದ್ದುಬಂದರು.

ದೊಡ್ಡಪ್ಪ ಮೂವತ್ತು ವರ್ಷ ಟಿಕೆಟ್ಟಿಗೆ ತೂತು ಹೊಡೆದವರು. ಎಲ್ಲಿ ಹತ್ತಿದ, ಎಲ್ಲಿ ಇಳಿಯಬೇಕು ಎನ್ನುವುದೆಲ್ಲ ಆ ಕಾಲದಲ್ಲಿ ತೂತಿನಲ್ಲೇ ಇರುತ್ತಿತ್ತು. ಹಳೆ ಟಿಕೆಟ್ಟಿಗೆ ಹೊಸ ತೂತು ಹೊಡೆದು ತೋರಿಸುವ ಚಾಲಾಕಿಗಳನ್ನು ಅವರು ಹೆಬ್ಬೆರಳು ಸವರಿಯೇ ಹಿಡಿಯುತ್ತಿದ್ದರು. ಈಗ ಕನ್ನಡಕ ಒರೆಸಿ ಹಾಕಿಕೊಂಡು ಸೂಟಿನ ಮೇಲೆ ಹೆಬ್ಬೆರಳು ಸವರಿದರು.

“ಹೊಸ ತೂತಿನ ಅಂಚು ಎದ್ದಿರುತ್ತೆ ಸ್ವಾಮಿ. ಇದು ಸವೆದು ಕೂತಿದೆ. ಇಲ್ಲಿ ನೋಡಿ, ಈ ಸಾಲಿನ ತೂತಿನೊಳಗೆ ಹಸಿರು ಬಣ್ಣ ಇಳಿದಿದೆ. ಪಕ್ಕದ ಸಾಲಿಗೆ ಹಸಿರಿಲ್ಲ, ಬೆಳ್ಳಿ ಇದೆ. ಹಸಿರು ಬಳಿದಾಗ ಈ ತೂತು ಹುಟ್ಟಿರಲಿಲ್ಲ. ನೀವು ಟೈರಿನವರಂತೆ. ಪದರ ಓದೋಕೆ ಬರುತ್ತಲ್ಲ ನಿಮಗೂ?”

ಅಳಿಯನಿಗೆ ಬರುತ್ತಿತ್ತು. ಒಂದು ಬ್ಲೇಡು ತಂದು ಕಂಕುಳ ಹತ್ತಿರ ಉಗುರಿನಷ್ಟು ಜಾಗ ಹೆರೆದ. ಬೆಳ್ಳಿ, ಅದರ ಕೆಳಗೆ ಕೆಂಪು, ಅದರ ಕೆಳಗೆ ಹಸಿರು, ಮತ್ತೆ ಬೆಳ್ಳಿ, ಕೊನೆಗೆ ಬಿಳಿ. ಕಾರ್ಡುಗಳ ಫೋಟೋ ನೋಡಿದ. ಮತ್ತೆ ಹೆರೆದ. ಆಮೇಲೆ ಕುರ್ಚಿ ಎಳೆದುಕೊಂಡು ಮೇಜಿಗೆ ಹತ್ತಿರ ಕೂತ. ಆ ಕ್ಷಣದಿಂದ ಇಬ್ಬರೂ ಗಂಡಸರು ನಮ್ಮನ್ನು ಮರೆತೇಬಿಟ್ಟರು. ಒಬ್ಬರು ಬೆರಳಾಡಿಸಿ ಸಾಲು ಹೇಳುವುದು, ಇನ್ನೊಬ್ಬ ಕಾರ್ಡು ಹುಡುಕಿ ಪಕ್ಕಕ್ಕಿಡುವುದು. ದೊಡ್ಡಮ್ಮ ಬಿಚ್ಚುತ್ತ ಹೋದಳು, ನಾನು ಡಬ್ಬ ತುಂಬುತ್ತ ಹೋದೆ. ಮೊದಲನೇ ಸೂಟಿಗೆ ಹನ್ನೊಂದು ಕಾರ್ಡು ಬಂದವು. ಎರಡನೆಯದಕ್ಕೆ ಒಂಬತ್ತು. ಆಮೇಲೆ ಎಂಟು, ಆರು, ಐದು. ಕೊನೆಯ ಸೂಟು ಬಹಳ ದೊಡ್ಡದು, ಅದಕ್ಕೆ ತಕ್ಕ ಆಳು ಸಿಗುತ್ತಿರಲಿಲ್ಲ, ಅದಕ್ಕೆ ಮೂರೇ.

“ನಲವತ್ತೆರಡು” ಎಂದರು ದೊಡ್ಡಪ್ಪ, ಬಸ್ಸಿನಲ್ಲಿ ತಲೆ ಎಣಿಸಿ ಡ್ರೈವರಿಗೆ ಹೇಳುವ ಹಾಗೆ. ನಂತರ ಅಳಿಯನಿಗೆ, “ನಾನು ನಿನ್ನೆ ಬರೆದುಕೊಟ್ಟಿದ್ದು ತಪ್ಪು. ಅದನ್ನ ಕೊಡಿ, ಕೆಳಗೆ ಬರೀತೀನಿ” ಎಂದರು. ಬರೆದು ಸಹಿ ಹಾಕಿದರು. ಅವರು ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಳಿಯ ಎದ್ದು ನಿಂತು ದೊಡ್ಡಮ್ಮನಿಗೆ, “ತಪ್ಪಾಯ್ತಮ್ಮ” ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಅಂದ್ರೆ ಇಷ್ಟು ವರ್ಷ ಎಲ್ಲರಿಗೂ ಅದನ್ನೇ ಕೊಟ್ಟು ಹೊಸದು ಅಂತ ಹೇಳ್ತಿದ್ರಾ?”

“ಯಾರಾದ್ರೂ ಗುರುತು ಹಿಡಿದ್ರಾ ಸರ್?” ಎಂದಳು ದೊಡ್ಡಮ್ಮ.

ಅವನು ಯೋಚಿಸಿ, ಇಲ್ಲ ಎಂದು ತಲೆಯಾಡಿಸಿದ. ಆದರೆ ಒಂದು ವಸ್ತುವಿಗೆ ಒಂದೇ ನಂಬರು ಎನ್ನುವುದನ್ನು ಬಿಡಲಿಲ್ಲ. ಕಾರ್ಡುಗಳನ್ನು ಆರು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಒಂದರಿಂದ ಆರು ಬರೆದ. ಅವಳ ನಲವತ್ತೆರಡು ಕೂಸುಗಳು ಆರಾದದ್ದು ಹಾಗೆ. ಅವಳು ಡಬ್ಬಗಳಿಗೆ ಮುಚ್ಚಳ ಹಾಕತೊಡಗಿದಳು. ನನಗೇ ಹೊಟ್ಟೆ ಉರಿಯಿತು.

ಮನೆಗೆ ಬಸ್ಸಿನಲ್ಲಿ ಬಂದೆವು. ಅವರಿಬ್ಬರೂ ಮುಂದಿನ ಸೀಟು, ನಾನು ಹಿಂದೆ. ಎರಡು ಸ್ಟಾಪು ಕಳೆದ ಮೇಲೆ ದೊಡ್ಡಪ್ಪ ಕೇಳಿದರು. “ಒಂದು ಸಲನಾದ್ರೂ ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ನಿಮಗೆ ಗುರುತು ಸಿಗ್ತಿತ್ತು.”

ಇನ್ನೆರಡು ಸ್ಟಾಪು ಹೋಯಿತು. “ಮತ್ತೆ ಇನ್ನುಮುಂದೆ?” ಎಂದರು.

“ಇನ್ನುಮುಂದೆ ಏನು. ಗೊತ್ತಾಯ್ತಲ್ಲ ನಿಮಗೆ. ನೋಡಿ ಹೇಳೋರು ಯಾರೂ ಇಲ್ಲ ನನಗೆ” ಎಂದು ದೊಡ್ಡಮ್ಮ ಕಿಟಕಿಯ ಕಡೆ ತಿರುಗಿದಳು. ಕೆಲಸ ಉಳಿದಿತ್ತು, ಹೆಸರು ಉಳಿದಿತ್ತು. ಆದರೂ ಏನೋ ಕಳೆದುಕೊಂಡವರ ಹಾಗೆ ಕೂತಿದ್ದಳು. ದೊಡ್ಡಪ್ಪ ಎದುರಿನ ಸೀಟಿನ ಕಂಬಿ ಹಿಡಿದುಕೊಂಡರು.

ಬುಕ್ ಆಗಿದ್ದ ಎರಡನ್ನು ಅವಳು ಒಂದೇ ವಾರದಲ್ಲಿ ಹೊಸದಾಗಿ ಹೊಲಿದಳು. ಪದ್ಧತಿಯ ಪ್ರಕಾರ ನಲವತ್ತಮೂರು, ನಲವತ್ತನಾಲ್ಕು. ಅಳಿಯನ ಪ್ರಕಾರ ಎರಡು ಮತ್ತು ಐದು. ನೀಲಿ ಮೈ, ತಾಮ್ರದ ಅಂಚು, ಬೆನ್ನಿಗೆ ರೆಕ್ಕೆಯಂಥದ್ದೇನೋ. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವಳ ಕೈ ಅಷ್ಟು ಚೆನ್ನಾಗಿ ಎಂದೂ ಓಡಿರಲಿಕ್ಕಿಲ್ಲ ಎನ್ನಿಸಿತು ನನಗೆ.

ಆ ಸೂಟುಗಳನ್ನು ಬಾಡಿಗೆಗೆ ಒಯ್ದ ಚಿತ್ರ ಟಿ.ವಿ.ಗೆ ಬಂದದ್ದು ಏಳು ತಿಂಗಳ ನಂತರದ ಒಂದು ಭಾನುವಾರ. ನಾನು ಊಟಕ್ಕೆ ಹೋಗಿದ್ದೆ. ದೊಡ್ಡಮ್ಮ ಅಭ್ಯಾಸಬಲದಿಂದ ಅಡ್ಡ ಕುರ್ಚಿಯಲ್ಲಿ ಕೂತಿದ್ದಳು, ಕೈಯಲ್ಲಿ ಬಟಾಣಿ ಸುಲಿಯುವ ತಟ್ಟೆ. ಗಂಡನ ಮುಖವನ್ನು ನೋಡಬಾರದೆಂದು ಬಟಾಣಿಯನ್ನೇ ನೋಡುತ್ತಿದ್ದಳು. ನೀಲಿ ಸೂಟು ಪರದೆಯ ಮೇಲೆ ಬಂತು.

ದೊಡ್ಡಪ್ಪ ಕುತ್ತಿಗೆ ಮುಂದಕ್ಕೆ ಚಾಚಿ ಗಂಭೀರವಾಗಿ ನೋಡಿದರು. “ಇದು ಹೊಸದು ಕಣೆ. ಇದನ್ನ ನಾನು ಎಲ್ಲೂ ನೋಡಿಲ್ಲ” ಎಂದರು.

ದೊಡ್ಡಮ್ಮ ತಲೆ ಎತ್ತಿದಳು. ನಾನೂ ಎತ್ತಿದೆ. ಅವರ ಕನ್ನಡಕ ಮಡಚಿದ ನ್ಯೂಸ್‌ಪೇಪರಿನ ಮೇಲೆ, ಅವರಿಂದ ಒಂದು ಮಾರು ದೂರದಲ್ಲಿತ್ತು. ಮೈನಸ್ ನಾಲ್ಕು. ಅದಿಲ್ಲದೆ ಅವರಿಗೆ ಪರದೆಯ ಮೇಲೆ ಏನೋ ನೀಲಿ ಓಡಾಡುತ್ತಿದೆ ಎಂದು ಗೊತ್ತಾಗಿರಬಹುದು, ಅಷ್ಟೇ. ನನಗೆ ಫುಲ್ ಟಿಕೆಟ್ ಹೇಳಿ ನಡೆಸಿದ್ದ ಮನುಷ್ಯನ ಕಿವಿ ಎರಡೂ ಕೆಂಪಾಗಿದ್ದವು.

ದೊಡ್ಡಮ್ಮ ಕನ್ನಡಕವನ್ನು ನೋಡಿದಳು, ಅವರ ಕಿವಿಯನ್ನು ನೋಡಿದಳು. ತಟ್ಟೆಯನ್ನು ನೆಲಕ್ಕಿಟ್ಟು, ಎದ್ದು, ಬೆತ್ತದ ಕುರ್ಚಿಯನ್ನು ಎಳೆದು ಗಂಡನ ಪಕ್ಕಕ್ಕೆ ತಂದು ಟಿ.ವಿ.ಯ ಕಡೆ ತಿರುಗಿಸಿ ಕೂತಳು. ಸಿನಿಮಾ ಅಷ್ಟೇನೂ ಚೆನ್ನಾಗಿರಲಿಲ್ಲ. ಇಬ್ಬರೂ ಕೊನೆಯವರೆಗೂ ನೋಡಿದರು.